ಕುರ್ಚಿ ಬಾಡಿಗೆಯವರಿಗಾಗಿ ಅಡೋಮಾಕೊ ಬರೆದ ಬ್ಲಾಗು

ಕ್ವಾಸಿ ಅಡೋಮಾಕೊ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಕೇಳಿದವರಿಗೆ ಅನುಮಾನ ಬರಬಹುದು.

ನಮ್ಮ ಬೆಡುಕ್ರೊಮ್‌ನ ಲಾರಿ ನಿಲ್ದಾಣದಲ್ಲಿ ನನ್ನದೊಂದು ಜಡೆ ಹೆಣೆಯುವ ಅಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಅಡೋಮಾಕೊನ ಉಗ್ರಾಣ. ಒಳಗೆ ಸೂರು ಮುಟ್ಟುವಷ್ಟು ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಮಡಚಿಟ್ಟ, ನಮ್ಮಲ್ಲಿ ಸಾವಿನ ಬಣ್ಣವಾದ ಕೆಂಪು ಕಪ್ಪಿನ ಶಾಮಿಯಾನಗಳು. ಊರಲ್ಲಿ ಯಾರೇ ಸತ್ತರೂ ದುಃಖಕ್ಕೆ ಬಂದವರು ಕೂರುವುದು ಅಡೋಮಾಕೊನ ಕುರ್ಚಿಯ ಮೇಲೆ. ಯಾರೂ ಸಾಯದ ವಾರ ಅವನ ಮುಖ ನೋಡುವ ಹಾಗಿರುವುದಿಲ್ಲ. ಆ ಮುಖ ಕಂಡ ಹೊಸಬರು, "ಪಾಪ, ಮನೇಲಿ ಯಾರು ಹೋದ್ರು?" ಎಂದು ನನ್ನನ್ನು ಕೇಳುವುದುಂಟು.

ಇಂಥವನ ಕೈಗೆ ದೊಡ್ಡ ಪರದೆಯ ಫೋನು ಬಂತು. ಸಾವಿಲ್ಲದ ವಾರಗಳಲ್ಲಿ ಅದನ್ನು ಉಜ್ಜುತ್ತಾ ಕೂತವನಿಗೆ ಬ್ಲಾಗು ಎಂಬ ಲೋಕ ಸಿಕ್ಕಿತು. ಸಣ್ಣ ವ್ಯಾಪಾರದವರಿಗೆಂದೇ ಯಾರು ಯಾರೋ ಪುಣ್ಯಾತ್ಮರು ಬರೆದಿಟ್ಟ ಬುದ್ಧಿಮಾತು. ಕೋಳಿ ಸಾಕುವವರಿಗೆ ಒಂದು ಬ್ಲಾಗು, ಬ್ರೆಡ್ಡು ಸುಡುವವರಿಗೆ ಒಂದು, ನನ್ನಂಥ ಜಡೆಯವರಿಗಂತೂ ಬೇಕಾದಷ್ಟು. ಅವನು ಎಲ್ಲವನ್ನೂ ಓದಿದ. ಓದಿ ಓದಿ ಒಂದು ಮಧ್ಯಾಹ್ನ, ಅವಮಾನವಾದವನ ಹಾಗೆ ನನ್ನ ಅಂಗಡಿಗೆ ನುಗ್ಗಿದ.

"ಮಾನ್ಸಕ್ಕಾ, ಬಸವನಹುಳು ಸಾಕೋರಿಗೂ ಬ್ಲಾಗಿದೆ! ಬಸವನಹುಳು!"

"ಇರಲಿ ಬಿಡೋ. ಅವೂ ಬದುಕಬೇಡ್ವಾ?"

"ಕುರ್ಚಿ ಬಾಡಿಗೆಯವರಿಗೆ ಇಲ್ಲ! ಎಲ್ಲಾ ಕಡೆ ಹುಡುಕಿದೆ. ಇಡೀ ಪ್ರಪಂಚ ನಮ್ಮ ಮೇಲೆ ಕೂತಿದೆ, ನಮ್ಮ ಬಗ್ಗೆ ಒಬ್ಬನೂ ಒಂದು ಸಾಲು ಬರೆದಿಲ್ಲ. ನಾನೇ ಬರೀತೀನಿ. ಹೆಸರೂ ಯೋಚಿಸಿದ್ದೀನಿ. ನೋಡಕ್ಕಾ, ಪೋಸ್ಟ್ ಕೊಡೋನು ಪೋಸ್ಟ್‌ಮನ್. ಹಾಲು ಕೊಡೋನು ಮಿಲ್ಕ್‌ಮನ್. ಚೇರ್ ಕೊಡೋನು?"

"ಬೇಡ ಕಣೋ."

"ಚೇರ್ಮನ್!"

"ಹಾಗಾದ್ರೆ ಕೂದಲು ನೋಡೋ ನಾನು ಹೇರ್ಮನ್ನಾ?" ಎಂದೆ. ನನ್ನ ಕೈಯಲ್ಲಿ ಜಡೆ ಕೊಟ್ಟು ಕೂತಿದ್ದವಳು ನಕ್ಕು ತಲೆ ಅಲ್ಲಾಡಿಸಿ, ಅರ್ಧ ಹೆಣಿಗೆ ಬಿಚ್ಚಿಹೋಯಿತು. ಅಡೋಮಾಕೊ ನಗಲಿಲ್ಲ. ದೊಡ್ಡ ಕೆಲಸಕ್ಕೆ ಇಳಿದವರು ನಗುವುದಿಲ್ಲ.

ಎದುರಿಗೆ ಅವನ ಹೆಂಡತಿ ಸೆರ್ವಾಳ ಊಟದಂಗಡಿ. ಅವಳು ಮರಗೆಣಸಿನ ಫೂಫೂ ಮುದ್ದೆ ಕುಟ್ಟುವ ಒನಕೆ ನಿಲ್ಲಿಸದೆಯೇ ಕೂಗಿದಳು: "ಚೇರ್ಮನ್ನಂತೆ! ಬೆಳಗ್ಗೆಯಿಂದ ಶಾಮಿಯಾನ ಬಿಸಿಲಿಗೆ ಹಾಕು ಅಂತ ಬಡ್ಕೊಳ್ತಿದ್ದೀನಿ. ಬೂಷ್ಟು ಹಿಡಿದ್ರೆ ಚೇರ್ಮನ್ ಬಂದು ನೆಕ್ತಾನಾ?"

ಹೀಗೆ ಎಲ್ಲರ ಆಶೀರ್ವಾದದೊಂದಿಗೆ 'ಚೇರ್ಮನ್ ಮಾತು: ಸಣ್ಣ ವ್ಯಾಪಾರಿಗಳಿಗೆ' ಎಂಬ ಬ್ಲಾಗು ಹುಟ್ಟಿತು. ಮೇಲುಗಡೆ ಅವನದೇ ಚಿತ್ರ. ಸೋದರಳಿಯನ ಮದುವೆಗೆ ಹೊಲಿಸಿದ ಸೂಟು ತೊಟ್ಟು, ಊರ ಮುಖಂಡರಿಗೆಂದು ಬೇರೆಯಾಗಿ ಇಟ್ಟಿದ್ದ ಕೈಯುಳ್ಳ ಮರದ ಕುರ್ಚಿಯ ಮೇಲೆ ಕೂತು, ದೂರದಲ್ಲೇನೋ ಕಂಡವನ ಹಾಗೆ ನೋಡುತ್ತಿದ್ದಾನೆ. ದೂರದಲ್ಲಿದ್ದದ್ದು ನಾನು. ನಗಬಾರದೆಂದು ಸೆರಗು ಕಚ್ಚಿಕೊಂಡು ಚಿತ್ರ ತೆಗೆದವಳು ನಾನೇ.

ಬಿಳಿ ಕುರ್ಚಿಯಿಂದ ತಾಳೆಣ್ಣೆಯ ಕಲೆ ತೆಗೆಯುವುದು ಹೇಗೆ ಎಂದು ಮೊದಲು ಬರೆದ. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ಕಿನ ಕಾಲು ಯಾಕೆ ಬಿರಿಯುತ್ತದೆ ಎಂದು ಬರೆದ. ಬಹಳ ದಿನ ಯಾರೂ ಓದಲಿಲ್ಲ. ಆಮೇಲೆ ನ್ಕಾವ್ಕಾವ್ ಊರಿನಿಂದ ಡೆಡೆ ಎಂಬ ಹೆಂಗಸು ಬರೆದಳು: "ಅಣ್ಣಾ, ನಾನೂ ಕುರ್ಚಿ ಶಾಮಿಯಾನ ಬಾಡಿಗೆ ಕೊಡೋಳು. ಹೊಲಿಗೆ ಇರೋ ಕಡೆಯೆಲ್ಲಾ ಸೋರ್ತಿದೆ. ಗಂಡಸರು ನಗ್ತಾರೆ. ಏನು ಮಾಡ್ಲಿ?" ಅಡೋಮಾಕೊ ಊಟ ಬಿಟ್ಟು ಉತ್ತರ ಬರೆದ. ಮೇಣ ಕರಗಿಸುವುದರಿಂದ ಹಿಡಿದು ಒಣಗಿಸುವುದರವರೆಗೆ ಒಂದೂ ಬಿಡಲಿಲ್ಲ. ಅವಳು ತನ್ನ ಪರಿಚಯದ ಬಾಡಿಗೆಯವರಿಗೆಲ್ಲ ಹೇಳಿದಳು. ಬೆಗೊರೊದ ಒಬ್ಬ ಬರೆದ, ಸುಹುಮ್‌ನ ಒಬ್ಬ ಬರೆದ. ಆ ವಾರದಿಂದ ಅಡೋಮಾಕೊನ ನಡಿಗೆಯೇ ಬೇರೆಯಾಯಿತು.

ಹೀಗಿರುವಾಗ ಪಾಸ್ಟರ್ ಜಿಮಾ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು ಉಗ್ರಾಣದ ಬಾಗಿಲಿಗೆ ಬಂದರು. ಬ್ಲಾಗಿನ ಹೆಸರು, ಸೂಟು, ಕೈಯುಳ್ಳ ಕುರ್ಚಿ ಎಲ್ಲ ಅವರ ಕಣ್ಣಿಗೆ ಬಿದ್ದಿತ್ತು. ಸಭೆಯ ಅಧ್ಯಕ್ಷತೆ ವಹಿಸಿ ದೊಡ್ಡ ಕಾಣಿಕೆ ಕೊಡಬಲ್ಲ ನಿಜವಾದ ಚೇರ್ಮನ್ ಎಂದುಕೊಂಡಿದ್ದರು. ಓದಿರಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಚೇರ್ಮನ್ ಅವರೇ," ಎಂದರು ಪಾಸ್ಟರು, "ಬರೋ ಭಾನುವಾರ ನಮ್ಮ ಚರ್ಚಿನ ಸುಗ್ಗಿ ಹಬ್ಬ. ನಮಗೆ ನಿಮ್ಮದೇ ಬೇಕು."

"ಎಷ್ಟು ಬೇಕು ಪಾಸ್ಟರೇ?"

"ಎಷ್ಟು ಅಂದ್ರೆ? ಒಂದೇ."

ಅಡೋಮಾಕೊನ ಮುಖ ಇಳಿಯಿತು. "ಒಂದೇನಾ? ಒಂದಕ್ಕೆಲ್ಲಾ ಗಾಡಿ ಕಳಿಸೋದು ಗಿಟ್ಟಲ್ಲ."

"ಅಯ್ಯೋ, ಗಾಡಿ ನಾವೇ ಕಳಿಸ್ತೀವಿ!"

"ಸರಿ ಹಾಗಾದ್ರೆ. ಕೈ ಇರೋದು ಬೇಕಾ, ಇಲ್ಲದ್ದು ನಡೆಯುತ್ತಾ?"

ಪಾಸ್ಟರು ಹಿರಿಯರ ಮುಖ ನೋಡಿದರು. ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, "ಕೈ ಇರಲೇಬೇಕು ಸ್ವಾಮಿ. ಹೋದ ವರ್ಷ ಬಂದಿದ್ದೋರ ಕೈ ಜೇಬಿಂದ ಈಚೆಗೇ ಬರಲಿಲ್ಲ," ಎಂದರು.

"ಹಳೇದಾಗಿರುತ್ತೆ. ಬಿಸಿಲಿಗೆ ಬಿಟ್ಟಿರ್ತಾರೆ."

"ಬಿಸಿಲಿಗೆಲ್ಲಿ ಬಿಟ್ವಿ? ಫ್ಯಾನಿನ ಕೆಳಗೇ ಕೂರಿಸಿದ್ವಿ."

"ನಂದು ಹಾಗಲ್ಲ. ಎಷ್ಟು ಭಾರ ಹಾಕಿದ್ರೂ ತಡೆಯುತ್ತೆ. ಯಾರು ಬೇಕಾದ್ರೂ ಮೇಲೆ ಕೂರಬಹುದು. ಬೇಸರವಿಲ್ಲ."

ಪಾಸ್ಟರ ಕಣ್ಣು ಒದ್ದೆಯಾಯಿತು. "ಎಂಥ ವಿನಯ! ದೇವರು ನಿಮ್ಮನ್ನ ಇನ್ನೂ ಎತ್ತರಕ್ಕೆ ಏರಿಸಲಿ!"

"ಎತ್ತರ ಬೇಡ ಪಾಸ್ಟರೇ, ಕಾಲು ನೆಲಕ್ಕೆ ಎಟಕಬೇಕು," ಎಂದ ಅಡೋಮಾಕೊ.

ಭಾನುವಾರ ಕಾರು ಬಂತು. ಅಡೋಮಾಕೊ ಕೈಯುಳ್ಳ ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತು ಹೋದ. ಚರ್ಚಿನಲ್ಲಿ ವೇದಿಕೆಯ ಮೇಲೆ ಅದನ್ನಿಟ್ಟು, ಕರವಸ್ತ್ರದಿಂದ ಒರೆಸಿ, ಹೊರಡಲು ತಿರುಗಿದ. ಸ್ವಯಂಸೇವಕರು ಹಿಡಿದು ಅದರಲ್ಲೇ ಕೂರಿಸಿದರು. ಎದೆಗೆ 'ಚೇರ್ಮನ್' ಎಂದು ಬರೆದ ಪಟ್ಟಿ ಕಟ್ಟಿದರು. ಕೈಗೆ ಮೈಕು ಕೊಟ್ಟರು. ನಮ್ಮ ಕಡೆ ಸಭೆ ಎಂದ ಮೇಲೆ ಚೇರ್ಮನ್ ಮಾತಾಡದೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ಇಡೀ ಚರ್ಚು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅಡೋಮಾಕೊ ಗಂಟಲು ಸರಿಮಾಡಿಕೊಂಡು ತನಗೆ ಗೊತ್ತಿದ್ದನ್ನು ಹೇಳಿದ:

"ಈ ಕುರ್ಚಿ ಇದೆಯಲ್ಲಾ, ಇದು ಇಲ್ಲಿ ಕೂತೋರದ್ದಲ್ಲ. ಬಾಡಿಗೆಗೆ ಬಂದಿರೋದು. ಸಂಜೆ ವಾಪಸ್ ಕೊಡ್ಬೇಕು. ಒರೆಸಿ ಕೊಟ್ರೆ ಒಳ್ಳೇದು."

ಆಮೇಲೆ ಸೂರು ಹಾರಿಹೋಗುವ ಹಾಗೆ "ಆಮೆನ್!" ಹಿಂದಿನ ಸಾಲಿನಲ್ಲಿ ಇಬ್ಬರು ಮುದುಕಿಯರು ಅತ್ತುಬಿಟ್ಟರು. ಬದುಕೆಂಬ ಬಾಡಿಗೆ ಕುರ್ಚಿಯ ಬಗ್ಗೆ ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲವೆಂದು ಪಾಸ್ಟರು ಎಲ್ಲರೆದುರು ತಬ್ಬಿಕೊಂಡರು. ಅಡೋಮಾಕೊ ಅವರ ಕಿವಿಯಲ್ಲಿ, "ಸಂಜೆ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದನಂತೆ.

ಸುದ್ದಿ ಬೆಟ್ಟ ಹತ್ತಿ ಅವನ ಸೋದರಮಾವನಿಗೂ ಮುಟ್ಟಿತು. ನಮ್ಮಲ್ಲಿ ಅಪ್ಪನ ಮಾತು ಮೀರಬಹುದು, ಸೋದರಮಾವನ ಮಾತು ಮೀರುವಂತಿಲ್ಲ. ಅವರು ಕಂಕುಳಲ್ಲಿ ಒಂದು ಹುಂಜ ಅವುಚಿಕೊಂಡು ಬಂದಿಳಿದರು.

"ಏನೋ ಅಳಿಯ, ಚೇರ್ಮನ್ ಆದ ಮೇಲೆ ಮಾವನ್ನ ಮರೆಯೋದಾ? ನನ್ನ ಮಗನಿಗೆ ನಿನ್ನ ಆಫೀಸಲ್ಲಿ ಒಂದು ಕೆಲಸ ಹಾಕು."

"ಮಾವಾ, ಆಫೀಸಿಲ್ಲ. ಇದೇ ಉಗ್ರಾಣ. ಕುರ್ಚಿ ಹೊರೋ ಕೆಲಸ ಇದೆ."

"ಹೊರೋದಾ! ಅವನು ಕೂರೋಕೆ ಅಂತ ಓದಿರೋನು!"

"ಹಾಗಾದ್ರೆ ಕೂರಲಿ. ಕುರ್ಚಿ ಬೇಕಾದಷ್ಟಿವೆ."

ಮಾವ ಕೋಪದಲ್ಲಿ ಹೊರಟೇಬಿಟ್ಟರು. ಹುಂಜವನ್ನು ವಾಪಸು ತೆಗೆದುಕೊಂಡು ಹೋಗಲು ನೋಡಿದರು. ಅದಾಗಲೇ ಸೆರ್ವಾಳ ಸಾರಿನಲ್ಲಿ ಬೇಯುತ್ತಿತ್ತು.

ಇಷ್ಟರವರೆಗೆ ಎಲ್ಲ ನಗೆಯ ಮಾತೇ. ಆದರೆ ಅಡೋಮಾಕೊ ಆಮೇಲೆ ಒಂದು ಬುಧವಾರ 'ಅಲುಗಾಡುವ ಕುರ್ಚಿಯನ್ನು ಏನು ಮಾಡಬೇಕು?' ಎಂದು ಬರೆದ. ಅದರಲ್ಲಿ ಹೀಗಿತ್ತು:

"ಸಾಲಿನಲ್ಲಿ ಒಂದು ಕುರ್ಚಿ ಅಲುಗಾಡುತ್ತಿದ್ದರೆ ಕೂಡಲೇ ಎತ್ತಿ ಹೊರಗಿಡಿ. ಹಗ್ಗ ಬಿಗಿದು, ಅಂಟು ಹಚ್ಚಿ ಉಳಿಸಿಕೊಳ್ಳಲು ಹೋಗಬೇಡಿ. ನೋಡಲು ದಪ್ಪಗಿದೆ, ಫಳಫಳ ಹೊಳೆಯುತ್ತದೆ ಎಂದು ಮೋಸ ಹೋಗಬೇಡಿ. ಅಂಥದ್ದು ಮುಂದಿನ ಸಾಲಿನಲ್ಲಿದ್ದಷ್ಟೂ ಅಪಾಯ. ಬಿದ್ದರೆ ಒಂದೇ ಬೀಳುವುದಿಲ್ಲ, ಪಕ್ಕದವರನ್ನೂ ಎಳೆದುಕೊಂಡು ಬೀಳುತ್ತದೆ."

ಈಗ ನಮ್ಮ ನಗರಸಭೆಯ ಮುಖ್ಯಸ್ಥರಾದ ಮಾನ್ಯ ಅಕೊಮಿಯಾ ಅವರ ಬಗ್ಗೆ ಎರಡು ಮಾತು ಹೇಳಬೇಕು. ಅವರು ದಪ್ಪಗಿದ್ದರು. ಅವರ ತಲೆ ಫಳಫಳ ಹೊಳೆಯುತ್ತಿತ್ತು. ಯಾವ ಸಭೆಯಲ್ಲೂ ಮುಂದಿನ ಸಾಲು ಬಿಟ್ಟು ಕೂತವರಲ್ಲ. ಅವರ ಹುದ್ದೆಗೆ ರಾಜಧಾನಿಯಲ್ಲಿ ಬೇರೆ ಯಾರೋ ಗಾಳ ಹಾಕಿದ್ದಾರೆಂದು ಟ್ರೊಟ್ರೊ ವ್ಯಾನಿನ ಚಾಲಕರೆಲ್ಲ ಮಾತಾಡಿಕೊಳ್ಳುತ್ತಿದ್ದರು.

ಸಂಜೆಯೊಳಗೆ ನಿಲ್ದಾಣಕ್ಕೆ ನಿಲ್ದಾಣವೇ ಅದನ್ನು ಗಟ್ಟಿಯಾಗಿ ಓದುತ್ತಿತ್ತು. 'ಹಗ್ಗ ಬಿಗಿದು' ಎಂಬಲ್ಲಿ ಚಪ್ಪಾಳೆ, 'ಫಳಫಳ' ಎಂಬಲ್ಲಿ ಶಿಳ್ಳೆ. ಮೀನು ಮಾರುವವಳು ಓದಿಸಿಕೊಂಡು ಕೇಳಿ, "ಎಂಥ ಗಂಡೆದೆ!" ಎಂದು ಅಡೋಮಾಕೊನಿಗೆ ಒಂದು ಹೊಗೆಮೀನು ಬಿಟ್ಟಿಯಾಗಿ ಕೊಟ್ಟಳು. ಅಡೋಮಾಕೊ ಹಿಗ್ಗಿದ. "ನೋಡಿದ್ಯಾ ಮಾನ್ಸಕ್ಕಾ, ಜನಕ್ಕೆ ಕುರ್ಚಿ ವಿಷಯ ಅಂದ್ರೆ ಎಷ್ಟು ಆಸಕ್ತಿ!"

ಮರುದಿನ ನಗರಸಭೆಯ ಅಧಿಕಾರಿ ಲಾರ್ಬಿ ಬಂದ. ಸಣಕಲು ಮನುಷ್ಯ, ದೊಡ್ಡ ಧ್ವನಿ.

"ಈ ಕುರ್ಚಿ ಯಾರು?"

"ಯಾರು ಅಂದ್ರೆ? ಕುರ್ಚಿ ಸಾರ್."

"ಹೆಸರು ಹೇಳು!"

"ಹೆಸರಿಲ್ಲ ಸಾರ್. ಗುರುತಿಗೆ ಬೆನ್ನ ಮೇಲೆ 'ಅ' ಅಂತ ಬರೆದಿರ್ತೀನಿ."

ಅಡೋಮಾಕೊನ 'ಅ' ಅದು. ಆದರೆ ಅಕೊಮಿಯಾ ಅವರ ಹೆಸರೂ ಅಲ್ಲಿಂದಲೇ ಶುರುವಾಗುತ್ತದೆ. ಲಾರ್ಬಿಯ ಹುಬ್ಬು ಹಣೆ ದಾಟಿತು. "ಅದನ್ನ ಏನು ಮಾಡಬೇಕು ಅಂತಿದ್ದೀಯ?"

"ಸುಡೋಣ ಅಂತಿದ್ದೆ. ನಾತ ಬರುತ್ತೆ, ಬೇಡ ಅಂದ್ಲು ಹೆಂಡ್ತಿ."

"ಹೆಂಡ್ತಿಗೂ ಗೊತ್ತಾ ಇದು!"

"ಅವಳದೇ ಐಡಿಯಾ ಸಾರ್, ಹೊರಗೆ ಎಸೆಯೋದು."

ಲಾರ್ಬಿ ಸೆರ್ವಾಳ ಕಡೆ ನೋಡಿದ. ಅವಳು ಒನಕೆ ಎತ್ತಿದ್ದಳು, ಫೂಫೂ ಕುಟ್ಟಲೆಂದೇ. ಅವನು ಹಾಗೆ ತಿಳಿಯಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಹಾಕಿಕೊಂಡು ಹೋದ.

ಅಡೋಮಾಕೊನಿಗೆ ನಗರಸಭೆಯಿಂದ ಕರೆ ಬಂತು. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಕೋಣೆಯ ಬಾಗಿಲ ಬಳಿ ಕೂರುವ ಟೈಪಿಸ್ಟು ನನ್ನಲ್ಲೇ ಜಡೆ ಹಾಕಿಸಿಕೊಳ್ಳುವವಳು. ಅವಳೂ ಹೇಳಿದಳು. ಎರಡೂ ತಾಳೆಯಾದ್ದರಿಂದ ನಂಬಬಹುದು.

ಮಾನ್ಯ ಅಕೊಮಿಯಾ ತಿರುಗುವ ಚರ್ಮದ ಕುರ್ಚಿಯಲ್ಲಿ ಕೂತಿದ್ದರು. ಅಡೋಮಾಕೊ ಒಳಗೆ ಬಂದವನೇ ಅವರ ಮುಖ ಬಿಟ್ಟು ಕುರ್ಚಿಯನ್ನೇ ನೋಡತೊಡಗಿದ. ಕಸುಬಿನವನ ಕಣ್ಣು, ಏನು ಮಾಡುವುದು.

"ಏನು ನೋಡ್ತಿದ್ದೀಯ?"

"ನಿಮ್ಮದು ಸ್ವಲ್ಪ ಎಡಕ್ಕೆ ವಾಲಿದೆ ಸಾರ್. ಹುಷಾರು."

ಮಾನ್ಯರ ಕುತ್ತಿಗೆಯ ನರ ಉಬ್ಬಿತು. ಆದರೆ ಅವರು ರಾಜಕೀಯದಲ್ಲಿ ಹಣ್ಣಾದವರು, ನಕ್ಕರು. "ಚೇರ್ಮನ್ ಅವರೇ, ನೇರವಾಗಿ ಮಾತಾಡೋಣ. ನಿಲ್ದಾಣದ ಅಂಗಡಿಗಳನ್ನೆಲ್ಲಾ ತೆಗೆಸ್ತಿದ್ದೀವಿ. ಅಲ್ಲಿ ಗಾಜಿನ ಕಟ್ಟಡ ಬರುತ್ತೆ. ನಿಮ್ಮ ಜನ ಗಲಾಟೆ ಮಾಡಬಾರದು. ನೀವು ಬರೆದದ್ದು ತಪ್ಪು, ಆ ಕುರ್ಚಿ ಗಟ್ಟಿಯಾಗಿದೆ ಅಂತ ಒಂದು ಬ್ಲಾಗ್ ಬರೀರಿ. ನಗರಸಭೆಯ ಸಮಾರಂಭಗಳಿಗೆಲ್ಲಾ ಇನ್ಮೇಲೆ ನಿಮ್ಮದೇ ಕುರ್ಚಿ, ನಿಮ್ಮದೇ ಶಾಮಿಯಾನ. ನಿಮ್ಮ ಉಗ್ರಾಣಕ್ಕೂ ಬೇರೆ ಜಾಗ ಕೊಡ್ತೀವಿ."

ಅಡೋಮಾಕೊನಿಗೆ ಅರ್ಥವಾದದ್ದು ಅರ್ಧ. ಆದರೆ ಆ ಅರ್ಧವನ್ನು ಅವನು ಬಿಗಿಯಾಗಿ ಹಿಡಿದುಕೊಂಡ.

"ಆಗಲ್ಲ ಸಾರ್."

"ಯಾಕೆ?"

"ಆ ಕುರ್ಚಿ ಅಲುಗಾಡುತ್ತೆ. ಗಟ್ಟಿ ಅಂತ ನಾನು ಬರೆದ್ರೆ ಯಾರೋ ನಂಬಿ ಕೂರ್ತಾರೆ, ಬಿದ್ದು ಸೊಂಟ ಮುರ್ಕೊಳ್ತಾರೆ. ನ್ಕಾವ್ಕಾವ್‌ನಲ್ಲಿ ಒಬ್ಬಳು ತಂಗಿ ಇದ್ದಾಳೆ, ನಾನು ಬರೆದದ್ದನ್ನ ಬರೆದ ಹಾಗೇ ಮಾಡ್ತಾಳೆ. ಅವಳಿಗೆ ಸುಳ್ಳು ಹೇಳಲಾ?"

"ಎಲ್ಲಾ ಅಂಗಡಿಗೂ ಮುಂಚೆ ನಿನ್ನದನ್ನೇ ಕೆಡವಿಸ್ತೀನಿ!"

"ಕೆಡವಿ. ಆದ್ರೂ ಅದು ಅಲುಗಾಡೋದು ಅಲುಗಾಡುತ್ತೆ."

ಟೈಪಿಸ್ಟು ಹೇಳುವ ಪ್ರಕಾರ, ಹೊರಗೆ ಬಂದವನು ಅವಳ ಹತ್ತಿರ ಮೂರು ಲೋಟ ನೀರು ಕೇಳಿ ಕುಡಿದ. ಒಳಗೆ ಏನೂ ಕೇಳಲಿಲ್ಲ. ಅಷ್ಟು ಸಾಕು.

ಅಂಗಡಿಗಳನ್ನು ಶನಿವಾರ ಕೆಡವುವರೆಂದು ನಿಲ್ದಾಣದ ಗೋಡೆಗೆಲ್ಲ ಆಜ್ಞೆ ಅಂಟಿಸಿದರು. ಶನಿವಾರವನ್ನೇ ಯಾಕೆ ಆರಿಸಿದರೆಂದು ನಮಗೆ ಗೊತ್ತಿತ್ತು. ಶನಿವಾರ ಊರೆಲ್ಲ ಯಾರದಾದರೂ ಸಾವಿನ ಸಭೆಗೆ ಹೋಗಿರುತ್ತದೆ, ನಿಲ್ದಾಣದಲ್ಲಿ ಕೇಳುವವರಿರುವುದಿಲ್ಲ. ಇಪ್ಪತ್ತು ವರ್ಷ ಅದೇ ತಗಡಿನ ಕೆಳಗೆ ಊರಿನ ತಲೆ ಬಾಚಿದವಳು ನಾನು. ಸೆರ್ವಾ ತನ್ನ ಮೂರೂ ಮಕ್ಕಳನ್ನು ಆ ಒರಳಿನ ಪಕ್ಕದಲ್ಲೇ ಬೆಳೆಸಿದವಳು. ಸಂಜೆ ಎಲ್ಲರೂ ಉಗ್ರಾಣದ ಮುಂದೆ ಸೇರಿದರು. "ಚೇರ್ಮನ್, ಏನು ಮಾಡೋಣ?" "ಚೇರ್ಮನ್, ನೀವೇ ದಾರಿ ತೋರಿಸ್ಬೇಕು!"

ಅಡೋಮಾಕೊ ನನ್ನ ಕಡೆ ತಿರುಗಿದ. "ಮಾನ್ಸಕ್ಕಾ, ಇವರೆಲ್ಲಾ ನನ್ನನ್ನ ನಿಜವಾಗ್ಲೂ ಚೇರ್ಮನ್ ಅಂತ ತಿಳ್ಕೊಂಡಿದ್ದಾರಾ?"

"ಈಗ ಗೊತ್ತಾಯ್ತಾ?" ಎಂದಳು ಸೆರ್ವಾ.

ಅವನು ಒಂದು ಕುರ್ಚಿಯ ಮೇಲೆ ಹತ್ತಿ ನಿಂತ. "ಕೇಳಿ ಎಲ್ಲರೂ! ನಾನು ಯಾವ ಸಂಘದ ಚೇರ್ಮನ್ನೂ ಅಲ್ಲ. ಕುರ್ಚಿ ಬಾಡಿಗೆ ಕೊಡೋನು!"

"ಇಂಥವರೇ ನಮಗೆ ಬೇಕು!" ಎಂದು ಕೂಗಿದರು ಜನ. ಚಪ್ಪಾಳೆ ನಿಲ್ಲಲೇ ಇಲ್ಲ.

ಅಡೋಮಾಕೊ ಕೈಚೆಲ್ಲಿದ. ಕುರ್ಚಿಯಿಂದ ಇಳಿದು ಅಂದ: "ಹೋಗ್ಲಿ. ನನಗೆ ಬರೋದು ಒಂದೇ ಕೆಲಸ, ಜನರನ್ನ ಕೂರಿಸೋದು. ಶನಿವಾರ ಯಾರೂ ಎಲ್ಲೂ ಹೋಗ್ಬೇಡಿ. ಇಲ್ಲೇ ಬನ್ನಿ. ಕೂರಿಸ್ತೀನಿ. ಎಬ್ಬಿಸೋದು ಅವರ ಕೆಲಸ."

ಆಮೇಲೆ ಫೋನು ಹಿಡಿದು, ಒಂದೇ ಹೆಬ್ಬೆರಳಲ್ಲಿ ಬ್ಲಾಗಿಗೆ ಬರೆದ: "ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಶನಿವಾರ ಇಡೀ ನಿಲ್ದಾಣವನ್ನು ಕೂರಿಸಬೇಕಾಗಿದೆ. ಕುರ್ಚಿ ಸಾಲದು. ಇಂಥ ಸಂದರ್ಭದಲ್ಲಿ ನೀವೇನು ಮಾಡುತ್ತೀರಿ? ತಿಳಿದವರು ತಿಳಿಸಿ."

ಯಾರೂ ಏನೂ ತಿಳಿಸಲಿಲ್ಲ. ಶುಕ್ರವಾರವಿಡೀ ಅವನು ಫೋನು ನೋಡಿ ನೋಡಿ ಸೋತ. "ಶನಿವಾರ ಅಲ್ವಾ ಅಕ್ಕಾ, ಎಲ್ಲರಿಗೂ ಬಾಡಿಗೆ ಇರುತ್ತೆ," ಎಂದು ತನಗೇ ಸಮಾಧಾನ ಹೇಳಿಕೊಂಡ.

ಶನಿವಾರ ಬೆಳಗ್ಗೆ ಅವನು ತನ್ನ ಕುರ್ಚಿಗಳನ್ನು ಹರಡುತ್ತಿದ್ದಾಗ ನ್ಕಾವ್ಕಾವ್ ರಸ್ತೆಯಲ್ಲಿ ಹಾರ್ನು ಕೇಳಿಸಿತು. ಒಂದು ಲಾರಿ, ಅದರ ತುಂಬ ನೀಲಿ ಕುರ್ಚಿ, ಕುರ್ಚಿಗಳ ಮೇಲೆ ರಾಣಿಯ ಹಾಗೆ ಕೂತ ದಪ್ಪ ಹೆಂಗಸು.

"ಅಡೋಮಾಕೊ ಅಣ್ಣ ಯಾರು? ನಾನು ಡೆಡೆ! ನೀನು ಹೇಳಿದ ಹಾಗೆ ಮೇಣ ಹಚ್ಚಿದೆ, ಒಂದು ಹನಿ ಸೋರಲಿಲ್ಲ. ನಗ್ತಿದ್ದ ಗಂಡಸರೇ ಈಗ ನನ್ನ ಹತ್ರ ಹಚ್ಚಿಸಿಕೊಳ್ಳೋಕೆ ಬರ್ತಾರೆ. ಎಲ್ಲಿ ಇಳಿಸ್ಲಿ?"

ಅವಳ ಹಿಂದೆ ಬೆಗೊರೊದವನ ಹಸಿರು ಕುರ್ಚಿ, ಸುಹುಮ್‌ನವನ ಕೆಂಪು ಕುರ್ಚಿ. ಶನಿವಾರದ ಬಾಡಿಗೆ ಬಿಟ್ಟು ಬಂದಿದ್ದರು! ನಮ್ಮ ಪ್ರಾಂತ್ಯದಲ್ಲಿ ಕುರ್ಚಿಯವನು ಶನಿವಾರ ಬಿಡುವುದೆಂದರೆ ಪಾಸ್ಟರು ಕ್ರಿಸ್‌ಮಸ್ ಬಿಟ್ಟ ಹಾಗೆ. ಅಡೋಮಾಕೊ ಬರೆದದ್ದನ್ನು ಊರೆಲ್ಲ ಒಂದೊಂದು ಥರ ಓದಿತ್ತು. ಬರೆದ ಹಾಗೇ ಓದಿದವರು ಇವರು ಮಾತ್ರ.

ನಿಲ್ದಾಣದ ಬಾಯಿಯಿಂದ ಕೊನೆಯವರೆಗೆ ಕುರ್ಚಿಗಳ ಸಾಲು ಬಿತ್ತು. ಬಿಸಿಲು ಏ‍ರುವುದೆಂದು ಮೇಲೆ ಶಾಮಿಯಾನ ಕಟ್ಟಿದರು. ಕಟ್ಟಿ ಮುಗಿಸಿ ನೋಡಿದರೆ, ಶನಿವಾರ, ಕೆಂಪು ಕಪ್ಪು ಶಾಮಿಯಾನ, ಸಾಲುಗಟ್ಟಿ ಕೂತ ಗಂಭೀರ ಮುಖದ ಜನ. ದಾರಿಹೋಕರಿಗೆ ಬೇರೇನು ಅನ್ನಿಸಬೇಕು? ಟ್ರೊಟ್ರೊಗಳು ನಿಂತವು. ಬೇರೆ ಬೇರೆ ಸಾವಿಗೆ ಹೊರಟಿದ್ದವರು ಇಳಿದು ಬಂದು, "ಯಾರೋ ದೊಡ್ಡವರೇ ಇರಬೇಕು," ಎಂದು ಪಿಸುಗುಟ್ಟುತ್ತಾ ಕೂತರು. ಸೆರ್ವಾ ಒಂದು ಕ್ಷಣ ಇದನ್ನೆಲ್ಲ ನೋಡಿದಳು. ಒಳಗೆ ಹೋಗಿ ತಲೆಗೆ ಸಾವಿನ ಕೆಂಪು ಬಟ್ಟೆ ಬಿಗಿದುಕೊಂಡು ಬಂದಳು. ನನಗೂ ಒಂದು ಎಸೆದಳು. "ಅಳು ಅಕ್ಕಾ," ಎಂದಳು. ನಾನು ಅತ್ತೆ. ನಾನು ಅತ್ತರೆ ಚೆನ್ನಾಗಿ ಅಳುತ್ತೇನೆ, ಊರಿಗೇ ಗೊತ್ತು.

ಬುಲ್ಡೋಜರ್ ಬಂತು. ಚಾಲಕ ತಿರುವಿನಲ್ಲಿ ನಮ್ಮನ್ನು ಕಂಡವನೇ ಎಂಜಿನ್ ನಿಲ್ಲಿಸಿದ. ಟೋಪಿ ತೆಗೆದ. ಇಳಿದು ಬಂದು, ಹಿರಿಯರು ಕಲಿಸಿದ ಹಾಗೆ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಕುಲುಕುತ್ತಾ, "ಸಮಾಧಾನ ಮಾಡ್ಕೊಳ್ಳಿ, ಸಮಾಧಾನ ಮಾಡ್ಕೊಳ್ಳಿ," ಎಂದು ಸಾಲು ಮುಗಿಸಿ ಒಂದು ನೀಲಿ ಕುರ್ಚಿಯಲ್ಲಿ ಕೂತ. ಸೆರ್ವಾ ನೀರು ಕೊಟ್ಟಳು, ಆಮೇಲೆ ಫೂಫೂ ಇಟ್ಟಳು.

"ಏಯ್! ಏನು ಮಾಡ್ತಿದ್ದೀಯ?" ಹಿಂದಿನಿಂದ ಲಾರ್ಬಿ ಕಿರುಚಿದ. "ಹೋಗು, ಕೆಡವು!"

ಚಾಲಕ ತುತ್ತು ನುಂಗಿ ಹೇಳಿದ: "ಸಾವಿನ ಮನೆ ಮೇಲೆ ಗಾಡಿ ಹತ್ತಿಸು ಅಂತೀರಾ? ನಮ್ಮಮ್ಮ ಇನ್ನೂ ಬದುಕಿದ್ದಾರೆ ಸಾರ್, ಅವರಿಗೆ ಶಾಪ ತಟ್ಟುತ್ತೆ. ನನಗಾಗಲ್ಲ."

ಆಗ ಮಾನ್ಯ ಅಕೊಮಿಯಾ ಅವರ ಕಾರು ಬಂತು. ಅವರೂ ಯಾವುದೋ ಸಾವಿಗೆ ಹೊರಟವರೇ. ಭುಜದ ಮೇಲೆ ಕಪ್ಪು ಬಟ್ಟೆ ಹೊದ್ದು, ಕಪ್ಪು ಚಪ್ಪಲಿ ತೊಟ್ಟು, ನಮ್ಮ ಸಭೆಗೆಂದೇ ಸಿಂಗರಿಸಿಕೊಂಡ ಹಾಗಿದ್ದರು. ಕಾರಿಂದ ಇಳಿದು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಚಾಚಿದಳು. ಚಾಚಿದ ಕೈಯನ್ನು, ಇಷ್ಟು ಕಣ್ಣುಗಳ ಮುಂದೆ, ಕಪ್ಪು ಬಟ್ಟೆ ಹೊದ್ದವರು ಹೇಗೆ ಬಿಡುತ್ತಾರೆ? ಕುಲುಕಿದರು. ಪಕ್ಕದವಳು ಚಾಚಿದಳು. ಸಾಲು ಎಲ್ಲಿ ಮುಗಿಯುತ್ತದೆಂದು ಅವರು ಇಣುಕಿ ನೋಡಿದರು. ಮುಗಿಯುವಂತೆ ಕಾಣಲಿಲ್ಲ. ಒಬ್ಬೊಬ್ಬರೂ ಕೈ ಹಿಡಿದು ಒಂದೊಂದು ಮಾತು ಹೇಳಿದರು.

"ನನ್ನ ಮೀನಂಗಡಿ ಸಾರ್. ನಮ್ಮಜ್ಜಿ ಕಾಲದ್ದು."

"ನನ್ನ ಹೊಲಿಗೆ ಮೆಷಿನ್ ಸಾರ್. ಎಲ್ಲಿಡಲಿ?"

ನನ್ನ ಸರದಿ ಬಂದಾಗ ನಾನು ಬಿಡಲಿಲ್ಲ. "ನಿಮ್ಮ ಹೆಂಡ್ತಿ ಜಡೆ ಹೆಣೆಯೋಳು ನಾನೇ. ಅವರು ನನ್ನ ಹತ್ರ ಎಲ್ಲಾ ಹೇಳ್ಕೊಳ್ತಾರೆ," ಎಂದೆ. ಅವರ ಅಂಗೈ ಬೆವರಿತು.

ಕೊನೆಗೆ ಅಡೋಮಾಕೊ. ಮಾನ್ಯರಿಗೆ ಏದುಸಿರು ಬಂದಿತ್ತು. "ಯಾರು... ಯಾರು ಸತ್ತಿರೋದು?"

"ಇನ್ನೂ ಯಾರೂ ಇಲ್ಲ ಸಾರ್," ಎಂದ ಅಡೋಮಾಕೊ. "ಯಾರು ಅಂತ ನೀವೇ ಹೇಳ್ಬೇಕು. ಹೇಳೋವರೆಗೂ ಕೂತಿರ್ತೀವಿ."

"ಇದಕ್ಕೆಲ್ಲಾ ಯಾರು ಜವಾಬ್ದಾರಿ? ಯಾರು ಮುಂದೆ ನಿಂತು ಮಾಡಿದ್ದು?"

ಅಡೋಮಾಕೊ ಎದ್ದು ನಿಂತ. "ನಾನು ಸಾರ್. ನಾನು ಇವರ ಚೇರ್ಮನ್."

ಅಕೊಮಿಯಾ ಅವನನ್ನು ನೋಡಿದರು, ಜನರನ್ನು ನೋಡಿದರು, ಎರಡನೆಯ ಬಾರಿ ಬಡಿಸಿಕೊಳ್ಳುತ್ತಿದ್ದ ಚಾಲಕನನ್ನು ನೋಡಿದರು. "ಮುಂದಿನ ಶನಿವಾರ ಬರ್ತೀನಿ!" ಎಂದು ಗುಡುಗಿದರು.

"ಬನ್ನಿ," ಎಂದಳು ಸೆರ್ವಾ, ಸೌಟು ಎತ್ತಿ. "ಮುಂದಿನ ಶನಿವಾರ ವಾರದ ಕಾರ್ಯ. ಆಮೇಲೆ ನಲವತ್ತನೇ ದಿನದ ಕಾರ್ಯ ಇದೆ. ಆಮೇಲೆ ವರ್ಷದ್ದು. ಎಲ್ಲಕ್ಕೂ ಬನ್ನಿ, ಊಟ ಇರುತ್ತೆ."

ವಾರದ ಕಾರ್ಯ ಆಯಿತು. ನಲವತ್ತರದೂ ಆಯಿತು. ಎರಡಕ್ಕೂ ನೀಲಿ, ಹಸಿರು, ಕೆಂಪು ಕುರ್ಚಿಗಳು ಹೇಳಿಕಳಿಸದೆಯೇ ಬಂದವು. ನಗರಸಭೆಯ ಆಜ್ಞೆಯನ್ನು ಯಾರೂ ಹಿಂತೆಗೆದುಕೊಂಡಿಲ್ಲ. ಗೋಡೆಯ ಮೇಲೆ ಅದು ಇನ್ನೂ ಇದೆ, ಅರ್ಧ ಮಳೆಗೆ ಹೋಗಿದೆ. ಬ್ಲಾಗು ಮುಚ್ಚಬೇಕೆಂದು ಬಂದ ಇನ್ನೊಂದು ಆಜ್ಞೆಗೆ ಅಡೋಮಾಕೊ ಉತ್ತರ ಕೊಡಲಿಲ್ಲ. ಮಳೆಗಾಲದಲ್ಲಿ ಶಾಮಿಯಾನದ ಕಂಬ ಹೂಳುವುದು ಹೇಗೆಂದು ಬರೆಯುವುದರಲ್ಲಿ ಅವನಿಗೆ ಪುರಸೊತ್ತಿಲ್ಲ.

ಮೊನ್ನೆ ಲಾರ್ಬಿ ಬಂದಿದ್ದ. ಒಬ್ಬನೇ ಬಂದಿದ್ದ, ಧ್ವನಿಯೂ ಇಳಿದಿತ್ತು. "ಇನ್ನೂ ಎಷ್ಟು ದಿನ ಅಂತ ಹೀಗೆ?" ಎಂದು ಕೇಳಿದ.

ಅಡೋಮಾಕೊ ಒಂದು ಕುರ್ಚಿ ಒರೆಸಿ ಅವನ ಮುಂದಿಟ್ಟ. "ಕೂತ್ಕೊಳ್ಳಿ ಸಾರ್, ಮಾತಾಡೋಣ."

ಲಾರ್ಬಿ ಕುರ್ಚಿಯನ್ನು ನೋಡಿದ, ನಮ್ಮನ್ನು ನೋಡಿದ. ಕೂತರೆ ನಮ್ಮ ಸಾಲಿಗೆ ಸೇರುತ್ತಾನೆಂದು ಅವನಿಗೂ ಗೊತ್ತು. ಕೂರಲಿಲ್ಲ, ಹೋಗಲೂ ಇಲ್ಲ, ಬಿಸಿಲಲ್ಲಿ ನಿಂತೇ ಇದ್ದ.

ನಿಂತಿರಲಿ. ಕಾಲು ನೋಯುವುದು ಅವನಿಗೆ.